ನಮ್ಮ ತೂಬಿನ ಲೆಕ್ಕ

ಕಾವೇರಿಯ ಮಾತು ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಸುಮ್ಮನೆ ಕುಳಿತಿರುವವರು ಯಾರೂ ಇಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಆ ಸೆಪ್ಟೆಂಬರ್ 23ರಂದು ಮಂಡ್ಯ ಬಂದ್, 29ರಂದು ಕರ್ನಾಟಕ ಬಂದ್ ನಡೆದುವು. ನಾನು ಆಗ ಬಿ.ಎ. ಮೊದಲನೆಯ ವರ್ಷದ ಬೆಂಚಿನ ಮೇಲೆ ಕುಳಿತು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ತರಗತಿಗಳು ನಿಂತುವು, ನಾವೆಲ್ಲ ರಸ್ತೆಗಿಳಿದು ಗಂಟಲು ಕಟ್ಟುವಂತೆ ಕೂಗಿದೆವು. ಕೂಗತಕ್ಕ ಕಾಲದಲ್ಲಿ ಕೂಗಲೇಬೇಕು. ಅದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. ಆದರೆ ಆ ದಿನಗಳಲ್ಲಿ ಭಾಷಣ ಮಾಡಿದವರೆಲ್ಲರ ಬಾಯಲ್ಲೂ ಬಂದ ಒಂದು ಊರಿನ ಹೆಸರು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಆ ಊರು ಬಿಳಿಗುಂಡ್ಲು.

ಬಿಳಿಗುಂಡ್ಲು ನಮ್ಮ ನಾಡಿನ ಅಂಚಿನಲ್ಲಿರುವ ಒಂದು ಸಣ್ಣ ಜಾಗ. ಅಲ್ಲಿ ಕೇಂದ್ರ ಜಲ ಆಯೋಗದವರ ಮಾಪನ ಕೇಂದ್ರವಿದೆ. ನಮ್ಮಿಂದ ಕೆಳಕ್ಕೆ ಎಷ್ಟು ನೀರು ಹರಿಯಿತೆಂಬುದನ್ನು ದಿನದಿನವೂ ಅಲ್ಲಿ ಅಳೆಯುತ್ತಾರೆ. 1892ರ ಒಪ್ಪಂದ, 1924ರ ಒಪ್ಪಂದ, 1990ರಲ್ಲಿ ನೇಮಕವಾದ ನ್ಯಾಯಮಂಡಲಿ, 2007ರ ಅದರ ಅಂತಿಮ ತೀರ್ಪು, 2018ರ ಫೆಬ್ರವರಿ 16ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಇಷ್ಟೆಲ್ಲ ಆದಮೇಲೆ ಸಾಧಾರಣ ವರ್ಷದಲ್ಲಿ ಅಲ್ಲಿಂದ ಕೆಳಗೆ ಹರಿಯಬೇಕಾದದ್ದು 177.25 ಟಿ.ಎಂ.ಸಿ. ಎಂದು ಗೊತ್ತಾಯಿತು. ನ್ಯಾಯಮಂಡಲಿ ಕೊಟ್ಟಿದ್ದ 270 ಟಿ.ಎಂ.ಸಿ.ಗೆ 14.75 ಸೇರಿ ನಮ್ಮ ಪಾಲು 284.75 ಆಯಿತು. ಈ ಹದಿನಾಲ್ಕೂ ಮುಕ್ಕಾಲಿಗಾಗಿ ದೊಡ್ಡ ದೊಡ್ಡ ವಕೀಲರು ವಾದಿಸಿದರು. ದಶಾಂಶದ ಎರಡನೆಯ ಅಂಕಿಯವರೆಗೆ ಲೆಕ್ಕವಾಯಿತು. ಒಳ್ಳೆಯದು. ನನ್ನ ಪ್ರಶ್ನೆ ಇಷ್ಟೇ: ಹೊರಗಿನವರ ಮುಂದೆ ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಕೇಳುವ ನಾವು ನಮ್ಮ ಊರಿನ ತೂಬಿನಲ್ಲಿ ಹರಿಯುವ ನೀರಿನ ಲೆಕ್ಕವನ್ನು ಎಂದಾದರೂ ಕೇಳಿದ್ದೇವೆಯೆ?

ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹೀಗೆಂದರೆ ಯಾರಿಗೂ ಏನೂ ತೋಚುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸುಮಾರು ಇಪ್ಪತ್ತಮೂರು ಸಾವಿರ ಎಕರೆಯ ಮೇಲೆ ಒಂದಡಿ ಎತ್ತರಕ್ಕೆ ನೀರು ನಿಲ್ಲಿಸಿದರೆ ಅದು ಒಂದು ಟಿ.ಎಂ.ಸಿ. ಒಂದು ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಎರಡು ಎಕರೆಯ ಮೇಲೆ ಹೆಚ್ಚುಕಡಮೆ ಒಂದಡಿ ನಿಲ್ಲುತ್ತದೆ. ಈ ಎರಡು ಲೆಕ್ಕಗಳನ್ನು ನೆನಪಿಟ್ಟುಕೊಂಡವನು ಪತ್ರಿಕೆಯ ಸುದ್ದಿಯನ್ನು ಓದುವ ರೀತಿಯೇ ಬೇರೆಯಾಗುತ್ತದೆ. ಭತ್ತದ ಒಂದು ಬೆಳೆಗೆ ನಮ್ಮ ಕಡೆ ಗದ್ದೆಯಲ್ಲಿ ಸುಮಾರು ನಾಲ್ಕಡಿ ನೀರು ಬೇಕೆಂದಿಟ್ಟುಕೊಳ್ಳಿ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟು ಸುಮಾರು ಎರಡು ಲಕ್ಷ ಎಕರೆ. ಅಷ್ಟಕ್ಕೂ ಭತ್ತವನ್ನೇ ಹಾಕಿದರೆ ಒಂದು ಬೆಳೆಗೆ ಗದ್ದೆಯ ಬಾಯಿಗೆ ತಲಪಬೇಕಾದದ್ದೇ 35 ಟಿ.ಎಂ.ಸಿ.; ನಾಲೆಯಲ್ಲಿ ಇಂಗಿ ಹೋಗುವುದು ಬೇರೆ. ಕನ್ನಂಬಾಡಿ ಕಟ್ಟೆ 124.80 ಅಡಿಯವರೆಗೆ ತುಂಬಿದಾಗ ಅದರಲ್ಲಿರುವುದು 49.45. ರಾಗಿಗಾದರೋ ಭತ್ತದ ಮೂರರಲ್ಲೊಂದು ಭಾಗದ ನೀರು ಸಾಕು, ಅದರಲ್ಲಿಯೂ ಹೆಚ್ಚಿನ ಪಾಲನ್ನು ಮಳೆಯೇ ಕೊಡುತ್ತದೆ.

ಈ ಲೆಕ್ಕವನ್ನು ನಮ್ಮ ಹಿರಿಯರು ಮಾಡಿರಲಿಲ್ಲವೆಂದು ತಿಳಿಯಬೇಡಿ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದಲ್ಲಿ ಎಂಜಿನಿಯರಾಗಿದ್ದಾಗ ನೀರಾ ನಾಲೆಯ ಮೇಲ್ಭಾಗದ ಊರುಗಳು ಕಬ್ಬಿಗೆಂದು ನೀರನ್ನೆಲ್ಲ ಹಿಡಿದುಕೊಳ್ಳುತ್ತಿದ್ದುದನ್ನು ಕಂಡು 'ಬ್ಲಾಕ್ ಪದ್ಧತಿ' ಎಂಬ ಏರ್ಪಾಟನ್ನು ತಂದರು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಎಲ್ಲ ಊರಿಗೂ ಒಂದಿಷ್ಟು ನೀರು, ಎಲ್ಲಿಯೂ ವರ್ಷವರ್ಷವೂ ಅದೇ ಬೆಳೆಯಿಲ್ಲ ಎಂಬುದು ಅದರ ತಿರುಳು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಅಂದು ಇರ್ವಿನ್ ನಾಲೆಯೆಂದು ಕರೆಯುತ್ತಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಬೆಂಗಾಡಿಗೆ ಇಳಿಯಿತು. ಆಗಲೂ ಇದೇ ಪದ್ಧತಿಯನ್ನು ಯೋಚಿಸಿದ್ದರು. ಮೂರರಲ್ಲೊಂದು ಪಾಲು ಕಬ್ಬು, ಒಂದು ಪಾಲು ಭತ್ತ, ಒಂದು ಪಾಲು ರಾಗಿಯಂಥ ಅರೆಖುಷ್ಕಿ ಬೆಳೆ. ವರ್ಷದಿಂದ ವರ್ಷಕ್ಕೆ ಇವು ಸರದಿಯಲ್ಲಿ ತಿರುಗಬೇಕು. ಕಟ್ಟೆ ಕಟ್ಟಿದವರ ಪ್ರತಿಮೆಗೆ ಹಾರ ಹಾಕುವ ನಾವು ಅವರು ಕಟ್ಟೆಯ ಜೊತೆಗೇ ಇಟ್ಟುಕೊಟ್ಟ ಈ ಸರದಿಯನ್ನು ಮಾತ್ರ ಮರೆತೆವು. ಹಾರ ಹಾಕುವುದು ಸುಲಭ. ಮೂರನೆಯ ವರ್ಷ ನನ್ನ ಗದ್ದೆಗೆ ರಾಗಿ ಎಂದು ಒಪ್ಪಿಕೊಳ್ಳುವುದು ಕಷ್ಟ.

ಮರೆತದ್ದಕ್ಕೆ ಕಾರಣವಿಲ್ಲದೆ ಇಲ್ಲ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು; ಆಮೇಲೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ ಬಂತು. ಕಬ್ಬಿಗೆ ಕೊಳ್ಳುವವರುಂಟು, ಭತ್ತಕ್ಕೆ ಗಿರಣಿಯುಂಟು; ರಾಗಿ ಬೆಳೆದವನು ಸಂತೆಯನ್ನೇ ನಂಬಬೇಕಾಗಿತ್ತು. ಹೊಟ್ಟೆಪಾಡಿಗಾಗಿ ಬೇಸಾಯ ಮಾಡುವವನು ಯಾವುದಕ್ಕೆ ಹಣ ಬರುತ್ತದೋ ಅದನ್ನೇ ಬೆಳೆದ. ಅವನನ್ನು ದೂರುವುದು ನನ್ನ ಉದ್ದೇಶವಲ್ಲ. ನನ್ನ ತಾಯಿಯ ತವರೇ ಪಾಂಡವಪುರದ ನಾಲೆಯ ಬಯಲಿನಲ್ಲಿದೆ. ರಜೆಯಲ್ಲಿ ಮಾವನ ಮನೆಗೆ ಹೋದಾಗ ನಾನು ಕಂಡದ್ದನ್ನು ಹೇಳುತ್ತೇನೆ. ತೂಬಿನ ಹತ್ತಿರದ ಗದ್ದೆಗಳಲ್ಲಿ ಹಗಲೂ ರಾತ್ರಿಯೂ ನೀರು ಹರಿದು ಬಸಿಗಾಲುವೆಗೆ ಬೀಳುತ್ತಿರುತ್ತದೆ. ಗದ್ದೆಯಿಂದ ಗದ್ದೆಗೆ ನೀರು ದಾಟಿಸುವುದು ಅಲ್ಲಿನ ವಾಡಿಕೆ; ಮೇಲಿನ ಗದ್ದೆಯವನು ಹಾಕಿದ ಗೊಬ್ಬರ ಕೆಳಗಿನವನಿಗೆ ಹೋಗುತ್ತದೆ. ತಗ್ಗಿನ ಕೆಲವು ಗದ್ದೆಗಳು ಜೌಗು ಹಿಡಿದು, ಒಣಗಿದಾಗ ಮೇಲೆ ಬಿಳಿಯ ಚೌಳು ಕಾಣಿಸುತ್ತದೆ. ಹಿಂದೆ ಮೂಟೆ ಮೂಟೆ ಭತ್ತ ಕೊಟ್ಟ ನೆಲ ಈಗ ಹುಲ್ಲಿಗೂ ಹಿಂದೆಗೆಯುತ್ತದೆ. ಅದೇ ವಾರ ಮದ್ದೂರು, ಮಳವಳ್ಳಿ ಕಡೆಯ ರೈತರು ಕೊನೆಯ ಭಾಗಕ್ಕೆ ನೀರು ತಲಪಲಿಲ್ಲವೆಂದು ಧರಣಿ ಕುಳಿತ ಸುದ್ದಿ ಪತ್ರಿಕೆಯಲ್ಲಿ ಬಂದಿರುತ್ತದೆ. ಒಂದೇ ನಾಲೆ, ಒಂದು ಕಡೆ ನೀರಿನಿಂದಲೇ ನೆಲ ಕೆಡುತ್ತದೆ, ಇನ್ನೊಂದು ಕಡೆ ನೀರಿಲ್ಲದೆ ನಾಟಿ ಒಣಗುತ್ತದೆ. ಇದರಲ್ಲಿ ತಮಿಳುನಾಡಿನವರ ಕೈವಾಡ ಏನಿದೆ?

ಇನ್ನು ನಮ್ಮ ಸ್ವಂತ ಊರಿನ ಮಾತು. ನಾನು ನಾಗಮಂಗಲ ತಾಲ್ಲೂಕಿನವನು. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಆದಿಚುಂಚನಗಿರಿಯ ಬೆಟ್ಟ ಕಾಣುತ್ತದೆ. ಬೆಟ್ಟದ ಮೇಲೆ ಬಿಂದು ಸರೋವರವಿದೆ. ಬೆಟ್ಟದ ಸುತ್ತ ನವಿಲುಗಳಿವೆ. ಕೆಳಗೆ ನಮ್ಮ ಹೊಲಗಳಲ್ಲಿ ರಾಗಿ, ಹುರುಳಿ, ನಾಲ್ಕು ತೆಂಗಿನ ಮರ. ಶ್ರೀರಂಗಪಟ್ಟಣದವರು ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ ಎಂದು ಒಡೆಯರ ಕಾಲದಿಂದ ಬಂದ ಆಸ್ತಿಯನ್ನು ಎಣಿಸುವಾಗಲೂ, ಕೃಷ್ಣರಾಜಪೇಟೆಯವರು ಹೇಮಾವತಿಯ ಮಂದಗೆರೆ, ಹೇಮಗಿರಿ, ಅಕ್ಕಿಹೆಬ್ಬಾಳು ಅಣೆಕಟ್ಟುಗಳನ್ನು ಹೇಳುವಾಗಲೂ ನಾವು ಹೇಳಿಕೊಳ್ಳುವುದು ಕೆರೆಗಳನ್ನೇ. ಗೊರೂರಿನ ಹೇಮಾವತಿ ಜಲಾಶಯವಾದ ಮೇಲೆ ಅದರ ನಾಲೆಯೊಂದು ನಮ್ಮ ತಾಲ್ಲೂಕಿಗೂ ಬಂದಿದೆಯೆಂಬುದು ನಿಜ. ಅದು ಮುಟ್ಟಿದ ಊರುಗಳ ಕೆರೆಗಳು ಕೆಲವು ವರ್ಷ ತುಂಬುತ್ತವೆ. ಅದು ಮುಟ್ಟದ ಊರು ನಮ್ಮದು.

ಕಳೆದ ವರ್ಷ ನಮ್ಮಣ್ಣನಿಗೆ ಹೆಣ್ಣು ನೋಡಲು ಶ್ರೀರಂಗಪಟ್ಟಣದ ಕಡೆಯ ಒಂದು ಊರಿಗೆ ಹೋಗಿದ್ದೆವು. ಹುಡುಗಿಯ ಅಜ್ಜಿ, ಎಲೆಯಡಿಕೆ ಹಾಕಿಕೊಳ್ಳುತ್ತಾ, ಮುಖಕ್ಕೇ ಹೇಳಿದರು: "ನಿಮ್ ಹುಡುಗನ ಮ್ಯಾಲೆ ಏನೂ ಇಲ್ಲ ಕಣಪ್ಪ. ನಿಮ್ ಸೀಮೆಗೆ ಹೆಣ್ ಕೊಟ್ರೆ ಬಿಂದಿಗೆ ಹೊರೋದ್ರಲ್ಲೇ ಜೀವ ಸವೆದೋಯ್ತದೆ." ನಮ್ಮ ಅಪ್ಪ ನಕ್ಕು ಸುಮ್ಮನಾದರು. ಬರುವಾಗ ಬಸ್ಸಿನಲ್ಲಿ ನಮ್ಮ ಅವ್ವ ಮಾತ್ರ, "ಆಯಮ್ಮ ಸುಳ್ಳೇನ್ ಹೇಳ್ಲಿಲ್ವಲ್ಲ" ಎಂದಳು. ಹೀಗೆ ನೀರು ನಮ್ಮ ಕಡೆ ಜಮೀನಿನ ಬೆಲೆಯನ್ನು ಮಾತ್ರವಲ್ಲದೆ ಸಂಬಂಧಗಳನ್ನೂ ಗೊತ್ತುಮಾಡುತ್ತದೆ. ನಮ್ಮ ಅಪ್ಪ ನಾಲ್ಕನೆಯ ತರಗತಿಯವರೆಗೆ ಓದಿದವರು. ಅವರು ಎರಡು ಕೊಳವೆಬಾವಿ ತೆಗೆಸಿದರು. ಒಂದರಲ್ಲಿ ಧೂಳು ಬಂತು. ಇನ್ನೊಂದರಲ್ಲಿ ನೀರು ಬಂತು, ಆ ಸಾಲ ಇನ್ನೂ ಇದೆ. ನಮ್ಮ ಮನೆಯಿಂದ ಪದವಿ ತರಗತಿಗೆ ಬಂದವನು ನಾನೇ ಮೊದಲು. ಮೂರನೆಯ ಕೊಳವೆಬಾವಿ ತೆಗೆಸಬೇಕೆಂದಿದ್ದ ಹಣದಲ್ಲಿಯೇ ನಾನು ಓದುತ್ತಿದ್ದೇನೆ ಎಂದರೂ ಸಲ್ಲುತ್ತದೆ.

ಆ ನೀರಾದರೂ ಎಂಥದು? ನಮ್ಮ ಕಡೆಯ ನೆಲ ಕಗ್ಗಲ್ಲಿನದು. ಮಳೆಯ ನೀರು ಬಂಡೆಯ ಸೀಳುಗಳಲ್ಲಿ ಇಳಿದು ಬಹುಕಾಲ ನಿಂತಾಗ ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಮೇಲಿನ ನೀರು ಮುಗಿದು ಆಳಕ್ಕೆ ಕೊರೆದಷ್ಟೂ ಹಳೆಯ ನೀರು ಸಿಕ್ಕುತ್ತದೆ, ಹಳೆಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡೂ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂವರೆಗೆ ಇರಬಹುದು, ಬೇರೆ ಗತಿಯಿಲ್ಲದಾಗ ಒಂದೂವರೆಯವರೆಗೆ ಎಂದು ನಮ್ಮ ದೇಶದ ನಿಯಮ. ಅದು ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವರ್ಷಗಳು ಕಳೆದಂತೆ ಕೀಲುಗಳು ಬಿಗಿಯುತ್ತವೆ. ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ; ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುತ್ತೇವೆ. ಅದು ಕೆಟ್ಟು ನಿಂತ ದಿನ ಮತ್ತೆ ಅದೇ ಕೊಳವೆಬಾವಿಯ ನಲ್ಲಿ. ನಾಲೆಯ ಬಯಲಿನವರು ಇದನ್ನು ಓದಿ ನಿಟ್ಟುಸಿರು ಬಿಡಬೇಕಾಗಿಲ್ಲ. ಗದ್ದೆಗೆ ಸುರಿದ ಯೂರಿಯಾ ಬಸಿದು ಬಾವಿಗಿಳಿದರೆ ಅಲ್ಲಿ ನೈಟ್ರೇಟು. ಅದಕ್ಕೂ ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿಯಿದೆ. ನದಿಯ ವಿಚಾರ ಹೇಳುವುದಾದರೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ದೇಶದ 351 ಮಲಿನ ನದೀಭಾಗಗಳಲ್ಲಿ ರಂಗನತಿಟ್ಟಿನಿಂದ ಕೆಳಗಿನ ಕಾವೇರಿಯೂ ಇತ್ತು, ನಮ್ಮ ಶಿಂಷೆಯೂ ಇತ್ತು. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬಂದವರು ಬಟ್ಟೆಯನ್ನೂ ಪ್ಲಾಸ್ಟಿಕ್ಕನ್ನೂ ಬಿಟ್ಟು ಹೋಗುವುದನ್ನು ನೋಡಲು ಮಂಡಳಿಯ ವರದಿಯೇ ಬೇಕಾಗಿಲ್ಲ.

ನಾಲೆಯ ಬಯಲಿಗೂ ನಮ್ಮ ಖುಷ್ಕಿ ಸೀಮೆಗೂ ಸಂಬಂಧವಿಲ್ಲವೆಂದು ತಿಳಿಯುವವರಿಗೆ ಲೋಕಪಾವನಿಯನ್ನು ತೋರಿಸಬೇಕು. ಅದು ನಮ್ಮ ನಾಗಮಂಗಲದಲ್ಲಿ ಹುಟ್ಟಿ, ಪಾಂಡವಪುರದ ಮೇಲೆ ಹಾದು, ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ. ನಮ್ಮಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಕೊಡಗಿನ ಮುಂದೆ ಇದು ಏನೂ ಅಲ್ಲ. ಆದರೂ ಒಂದು ಎಕರೆಯ ಮೇಲೆ ಅಷ್ಟು ಮಳೆ ಎಂದರೆ 28 ಲಕ್ಷ ಲೀಟರು! ಅದನ್ನು ಹಿಡಿಯುವುದಕ್ಕಾಗಿಯೇ ಹಿಂದಿನವರು ಹಳ್ಳದ ಉದ್ದಕ್ಕೂ ಕೆರೆಯ ಕೆಳಗೆ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬಬೇಕು. ಈಗ ಕೆರೆಯಲ್ಲಿ ಹೂಳು, ಕೋಡಿಹಳ್ಳದಲ್ಲಿ ಒತ್ತುವರಿ, ಅಂಗಳದಲ್ಲಿ ಜಾಲಿ. ಕೆರೆ ಸತ್ತಿತು, ಬಾವಿ ಸತ್ತಿತು, ಆಮೇಲೆ ಕೊಳವೆಬಾವಿ ಬಂತು. ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ಕರೆಂಟು ಉಚಿತ. ಎಷ್ಟು ಎತ್ತಿದೆವೆಂದು ಕೇಳುವವರಿಲ್ಲ. ಮೇಲೆ ಹೇಳಿದ 2018ರ ತೀರ್ಪಿನಲ್ಲಿ ನಮಗೆ ಹೆಚ್ಚಾಗಿ ಸಿಕ್ಕ 14.75ರಲ್ಲಿ 10 ಟಿ.ಎಂ.ಸಿ. ಸಿಕ್ಕಿದ್ದು ಹೇಗೆಂದು ಬಲ್ಲಿರಾ? ತಮಿಳುನಾಡಿನ ಕಾವೇರಿ ಬಯಲಿನಲ್ಲಿ ನೆಲದಡಿಯ ನೀರೂ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ನ್ಯಾಯಾಲಯ ಒಪ್ಪಿತು. (ಉಳಿದ 4.75 ಬೆಂಗಳೂರಿನ ಕುಡಿಯುವ ನೀರಿಗೆ.) ಅಂತರ್ಜಲವೂ ಲೆಕ್ಕಕ್ಕೆ ಸೇರಿದ ಆಸ್ತಿಯೆಂಬ ಮಾತಿನಿಂದ ಲಾಭ ಪಡೆದ ನಾವೇ ನಮ್ಮ ಅಂತರ್ಜಲದ ಲೆಕ್ಕವಿಡುವುದಿಲ್ಲವೆಂದರೆ ಏನೆನ್ನಬೇಕು?

"ನಮ್ಮೊಳಗೇ ಈ ತಲೆ-ಬಾಲದ ಜಗಳ ತೆಗೆದರೆ ಹೊರಗಿನವರಿಗೆ ಅನುಕೂಲವಾಗುತ್ತದೆ" ಎಂದು ನನ್ನ ಮಿತ್ರರೊಬ್ಬರು ಆಕ್ಷೇಪಿಸಿದರು. ನನಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ಯಾವ ನ್ಯಾಯಸ್ಥಾನದಲ್ಲಿಯೇ ಆಗಲಿ, ನನಗೆ ಇನ್ನಷ್ಟು ಬೇಕು ಎನ್ನುವವನನ್ನು ಮೊದಲು ಕೇಳುವುದು, ಇದ್ದದ್ದನ್ನು ಏನು ಮಾಡಿದೆ ಎಂದೇ. ಹಳ್ಳಿಯ ಪಂಚಾಯಿತಿಯಲ್ಲಿಯೂ ಹಾಗೆಯೇ ಅಲ್ಲವೆ? ಇನ್ನೊಬ್ಬರು, "ರಾಗಿ ಬೆಳೆದರೆ ರೈತನ ಗತಿಯೇನು?" ಎಂದರು. ಇದು ಗಟ್ಟಿಯಾದ ಪ್ರಶ್ನೆ. 2025-26ಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ, ರಾಗಿಗೆ 4,886. ಎಕರೆಗೆ ರಾಗಿಯ ಇಳುವರಿ ಭತ್ತಕ್ಕಿಂತ ಕಡಮೆ, ಒಪ್ಪಿದೆ. ಆದರೆ 'ರಾಗಿಗೆ ಬೆಲೆಯಿಲ್ಲ' ಎಂಬ ಹಳೆಯ ಮಾತು ಈಗ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಬೇಕಾದದ್ದು ಖರೀದಿ ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆಯುವುದು, ಬೆಳೆದಷ್ಟನ್ನೂ ಕೊಳ್ಳುವುದು. ಭತ್ತವನ್ನೇ ಬೆಳೆಯುವವರಿಗೂ ದಾರಿಯಿದೆ: ಕೂರಿಗೆಯಲ್ಲಿ ಬಿತ್ತುವುದು, ನೀರು ನಿಲ್ಲಿಸದೆ ಕಟ್ಟು ನೀರು ಕೊಡುವುದು, ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ತಂದಿರುವ ಏರೋಬಿಕ್ ಭತ್ತ. ನಮ್ಮ ಮಾವ ಇದನ್ನೆಲ್ಲ ಕೇಳಿ, "ಕಟ್ಟು ನೀರು ಕೊಡೋಕೆ ನಾನ್ ರೆಡಿ ಕಣೋ. ಕಟ್ಟಿದ್ ಮ್ಯಾಲೆ ತಿರುಗಾ ಯಾವತ್ತು ಬಿಡ್ತಾರೆ ಅಂತ ಹೇಳೋರ್ ಯಾರು?" ಎಂದರು. ಇಡೀ ಸಮಸ್ಯೆಯ ಗಂಟು ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ನಾಳೆ ನೀರು ಬರುತ್ತದೆಂಬ ನಂಬಿಕೆಯಿಲ್ಲದವನು ಇಂದೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ಅದು ದುರಾಸೆಯಲ್ಲ, ಭಯ. ನೀರು ಕಡಮೆಯಾದದ್ದಕ್ಕಿಂತ ನೀರಿನ ದಿನ ಗೊತ್ತಿಲ್ಲದಿರುವುದೇ ಹೆಚ್ಚು ನೀರನ್ನು ಹಾಳುಮಾಡುತ್ತಿದೆ.

ಕೆರೆಯ ಕಾಲದಲ್ಲಿ ಈ ಭಯ ಕಡಮೆಯಿತ್ತು, ಏಕೆಂದರೆ ನೀರುಗಂಟಿ ಇದ್ದ. ತೂಬನ್ನು ತೆಗೆಯುವವನೂ ಮುಚ್ಚುವವನೂ ಅವನೊಬ್ಬನೇ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಧಾನ್ಯ ಅವನಿಗೆ. ಕೆರೆಯಲ್ಲಿ ಎಷ್ಟು ಮೆಟ್ಟಿಲು ನೀರಿದೆ ಎಂದು ನೋಡಿ, ಈ ವರ್ಷ ಇಷ್ಟು ಗದ್ದೆಗೆ ಮಾತ್ರ ಎಂದು ಊರವರು ಕುಳಿತು ತೀರ್ಮಾನಿಸುತ್ತಿದ್ದರು. ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಹಾಡುವ ಚಪಲ ನನಗಿಲ್ಲ. ಊರು ಕುಳಿತು ತೀರ್ಮಾನಿಸಿತು ಎನ್ನುವಾಗ ಯಾರು ಜಗಲಿಯ ಮೇಲೆ ಕುಳಿತಿದ್ದರು, ಯಾರು ಅಂಗಳದಲ್ಲಿ ನಿಂತಿದ್ದರು, ನೀರುಗಂಟಿ ಎಷ್ಟೋ ಕಡೆ ಯಾವ ಕೇರಿಯವನಾಗಿದ್ದ ಎಂಬುದು ನಮಗೆ ಗೊತ್ತಿದೆ. ನೀರು ಬಿಡುತ್ತಿದ್ದವನಿಗೇ ಸ್ವಂತ ಗದ್ದೆಯಿಲ್ಲದ ಊರುಗಳೂ ಇದ್ದುವು. ಆ ಅನ್ಯಾಯವನ್ನು ಬಿಟ್ಟು ಅದರೊಳಗಿನ ಲೆಕ್ಕವನ್ನು ಮಾತ್ರ ಎತ್ತಿಕೊಳ್ಳಬೇಕು. ಅದಕ್ಕೆ ಕಾನೂನೂ ಇದೆ. 2000ದ ತಿದ್ದುಪಡಿಯಿಂದ ನೀರಾವರಿ ಕಾಯಿದೆಯಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಎಡೆಯಾಯಿತು: ಸಂಘಕ್ಕೆ ಅಳತೆ ಮಾಡಿ ನೀರು ಕೊಡುವುದು, ಸಂಘವು ಸದಸ್ಯರಿಗೆ ಹಂಚಿ ಕರ ವಸೂಲು ಮಾಡುವುದು. ಕಾಗದದ ಮೇಲೆ ಇದಕ್ಕಿಂತ ಚೆನ್ನಾದದ್ದು ಬೇರೆ ಬೇಕಿಲ್ಲ. ನಾನು ಕಂಡ ಒಂದು ಸಂಘದ ಫಲಕ ಮಾತ್ರ ನಾಲೆಯ ಏರಿಯ ಮೇಲೆ ಭದ್ರವಾಗಿ ನಿಂತಿತ್ತು. ಅಧ್ಯಕ್ಷರು ಯಾರೆಂದು ಕೇಳಿದರೆ ಹೇಳಲು ಅಲ್ಲಿದ್ದ ಐದು ಮಂದಿಗೂ ತಿಳಿಯಲಿಲ್ಲ. ಅಳತೆಯೇ ಇಲ್ಲದ ಮೇಲೆ ಸಂಘ ಹಂಚುವುದಾದರೂ ಏನನ್ನು?

ಆದ್ದರಿಂದ ನನ್ನ ಸೂಚನೆ ದೊಡ್ಡದೇನೂ ಅಲ್ಲ. ಪ್ರತಿಯೊಂದು ಉಪನಾಲೆಯ ತೂಬಿನ ಪಕ್ಕದಲ್ಲಿ ಒಂದು ಅಳತೆಯ ಪಟ್ಟಿ, ಒಂದು ಕರಿಹಲಗೆ. ಹಲಗೆಯ ಮೇಲೆ ಮೂರು ಅಂಕಿ: ಇಂದು ಎಷ್ಟು ಕ್ಯೂಸೆಕ್, ಎಷ್ಟು ಎಕರೆಗೆ, ಮುಂದಿನ ಕಟ್ಟು ಯಾವ ದಿನ. ಕೊಳವೆಬಾವಿಯ ಊರುಗಳಲ್ಲಿಯೂ ಪಂಚಾಯಿತಿಯ ಗೋಡೆಯ ಮೇಲೆ ಎರಡು ಅಂಕಿ: ಬೇಸಗೆಯಲ್ಲಿ ನೀರಿನ ಮಟ್ಟ ಎಷ್ಟು ಅಡಿಗೆ ಇಳಿಯಿತು, ನೀರಿನಲ್ಲಿ ಫ್ಲೋರೈಡ್ ಎಷ್ಟು. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಾಗಿಲ್ಲ.

ಅಳೆಯುವುದು ಎಂಜಿನಿಯರರ ಕೆಲಸ, ಕಲಾ ವಿಭಾಗದವರಿಗೆ ಇದೇಕೆ ಎಂದು ನಗುವವರಿಗೆ ಒಂದು ಮಾತು. ನೇರವಾಗಿ ಹರಿಯುವ ಕಾಲುವೆಯಲ್ಲಿ ಐವತ್ತು ಅಡಿ ಗುರುತು ಮಾಡಿ, ತೆಂಗಿನ ಮಟ್ಟೆಯ ತುಂಡೊಂದನ್ನು ತೇಲಿಬಿಟ್ಟು, ಎಷ್ಟು ಸೆಕೆಂಡಿನಲ್ಲಿ ದಾಟಿತೆಂದು ನೋಡಿ. ಅದರಿಂದ ವೇಗ ಸಿಕ್ಕಿತು. ಕಾಲುವೆಯ ಅಗಲವನ್ನೂ ನೀರಿನ ಆಳವನ್ನೂ ಅಡಿಯಲ್ಲಿ ಅಳೆದು ಮೂರನ್ನೂ ಗುಣಿಸಿ. ಮೇಲಿನ ನೀರು ತಳದ ನೀರಿಗಿಂತ ಬೇಗ ಹರಿಯುವುದರಿಂದ ಸುಮಾರು ಏಳನೆಯ ಒಂದು ಪಾಲನ್ನು ಕಳೆಯಿರಿ. ಕ್ಯೂಸೆಕ್ ಲೆಕ್ಕ ಹೆಚ್ಚುಕಡಮೆ ಕೈಗೆ ಬಂತು. ಎಸ್.ಎಸ್.ಎಲ್.ಸಿ. ಗಣಿತ ಇದಕ್ಕೆ ಧಾರಾಳವಾಗಿ ಸಾಕು.

ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಪ್ರತಿವರ್ಷವೂ ಒಂದು ಊರಿನ ಬೀದಿ ಗುಡಿಸಿ, ದೇವಸ್ಥಾನಕ್ಕೆ ಸುಣ್ಣ ಬಳಿದು ಬರುತ್ತೇವೆ. ಮುಂದಿನ ಶಿಬಿರವನ್ನು ಪಾಂಡವಪುರದ ಒಂದು ಉಪನಾಲೆಯ ಮೇಲೆ ಏಕೆ ಮಾಡಬಾರದು? ಐವತ್ತು ವಿದ್ಯಾರ್ಥಿಗಳು, ತಲೆಯಿಂದ ಬಾಲದವರೆಗೆ ತೂಬಿಗೆ ಇಬ್ಬರಂತೆ, ಏಳು ದಿನ, ಬೆಳಿಗ್ಗೆ ಸಂಜೆ ಅಳೆದು ಬರೆಯುವುದು. ಭೂಗೋಳದ ಅಧ್ಯಾಪಕರು ನಕ್ಷೆ ಕೊಡಲಿ, ಅರ್ಥಶಾಸ್ತ್ರದವರು ಬೆಳೆಯ ಲೆಕ್ಕ ಹಾಕಿಸಲಿ. ನಾನು ಅಷ್ಟು ಹೊತ್ತಿಗೆ ಪರೀಕ್ಷೆ ಮುಗಿಸಿ ಊರಿಗೆ ಹೋಗಿರುತ್ತೇನೆ. ಆದರೂ ಕರೆದರೆ ಬರುತ್ತೇನೆ. ಮಾವನ ಮನೆಯ ಹಿತ್ತಿಲಲ್ಲಿ ಮಟ್ಟೆಗೇನೂ ಬರವಿಲ್ಲ.